ಸ್ಕೈ ದ್ವೀಪದಲ್ಲಿ ಎಲ್ಲಿ ಉಳಿದುಕೊಳ್ಳುವುದು: ಮನೆಯವರೇ ನಡೆಸುವ ಬಿ ಆಂಡ್ ಬಿ, ಹೋಟೆಲ್, ಬಾಡಿಗೆ ಮನೆ, ಇಲ್ಲಾ ಹಾಸ್ಟೆಲ್?

ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ. ಆಮೇಲೆ ಟಿಕೆಟ್. ಉಳಿಯುವ ಜಾಗದ ಯೋಚನೆ ಬರುವುದು ಕೊನೆಗೆ. ಈ ದ್ವೀಪದ ಮಟ್ಟಿಗೆ ಅದನ್ನು ಉಲ್ಟಾ ಮಾಡಿ. ಮೊದಲು ರೂಮು ಗಟ್ಟಿ ಮಾಡಿಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ದ್ವೀಪ ದೊಡ್ಡದು, ಸುಮಾರು 1,656 ಚದರ ಕಿಲೋಮೀಟರ್. ಆದರೆ ಅಲ್ಲಿ ವಾಸ ಮಾಡುವವರು ಹತ್ತು ಸಾವಿರದ ಆಸುಪಾಸು ಅಷ್ಟೇ. ಬೇಸಿಗೆಯಲ್ಲಿ ಬರುವ ಜನರ ಮುಂದೆ ಇರುವ ಹಾಸಿಗೆಗಳು ತುಂಬಾ ಕಮ್ಮಿ. ಜುಲೈ, ಆಗಸ್ಟ್‌ನಲ್ಲಿ ಸಂಜೆ ಹೊತ್ತಿಗೆ ಗಾಡಿ ಓಡಿಸುತ್ತಾ ಹೋದರೆ ಮನೆ ಮನೆಯ ಗೇಟಿನ ಮುಂದೆ 'ನೋ ವೇಕೆನ್ಸೀಸ್' ಬೋರ್ಡು ನೇತಾಡುತ್ತಿರುತ್ತದೆ.

ನಾನು ಸ್ಕೈಗೆ ಒಂದಕ್ಕಿಂತ ಹೆಚ್ಚು ಸಲ ಹೋಗಿದ್ದೇನೆ. ಮನೆಯವರೇ ನಡೆಸುವ ಬೆಡ್ ಆಂಡ್ ಬ್ರೇಕ್‌ಫಾಸ್ಟ್ (ಚಿಕ್ಕದಾಗಿ ಬಿ ಆಂಡ್ ಬಿ), ಹೋಟೆಲ್, ಅಡುಗೆಮನೆ ಇರುವ ಬಾಡಿಗೆ ಮನೆ, ಹಾಸ್ಟೆಲ್, ಈ ನಾಲ್ಕರಲ್ಲೂ ಇದ್ದು ನೋಡಿದ್ದೇನೆ. ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹೋಗುತ್ತಿದ್ದರೆ, ಇಬ್ಬರೇ ಇದ್ದರೆ, ಕನಿಷ್ಠ ಮೂರು ರಾತ್ರಿ ಇರುವ ಹಾಗಿದ್ದರೆ ಬಿ ಆಂಡ್ ಬಿಯೇ ಸರಿ. ಒಂದೇ ಷರತ್ತು, ಆ ಮನೆಯ ಗಡಿಯಾರಕ್ಕೆ ನೀವು ಹೊಂದಿಕೊಳ್ಳಬೇಕು. ಅದು ನಮ್ಮಿಂದಾಗದು ಅನ್ನಿಸಿದರೆ ಬೇರೆ ಮೂರರಲ್ಲಿ ಒಂದನ್ನು ಹಿಡಿಯಿರಿ. ಯಾರಿಗೆ ಯಾವುದು, ಯಾಕೆ ಅಂತ ಕೆಳಗೆ ಬಿಡಿಸಿ ಬರೆದಿದ್ದೇನೆ.

ಮೊದಲು ಯಾವ ಮೂಲೆ ಅಂತ ತೀರ್ಮಾನಿಸಿ

ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಹತ್ತಿರ ಹತ್ತಿರ ಇರುವ ಹಾಗೆ ಕಾಣುತ್ತದೆ. ಹಾಗಿಲ್ಲ. ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಿಂದ ದ್ವೀಪಕ್ಕೆ ಬರುವ ಸೇತುವೆ ದಾಟಿದ ಕೂಡಲೇ ಸಿಗುವ ಕೈಲಾಕಿನ್‌ನಿಂದ ಪೋರ್ಟ್ರೀ ಊರಿಗೆ 55 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಒಂದು ಗಂಟೆಯೊಳಗೆ ಸೇರಬಹುದು. ಆದರೆ ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದೇ ಗಾಡಿ ಹೋಗುವಷ್ಟು ಅಗಲದ ದಾರಿ. ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಅಂತ ಬೋರ್ಡು ನೆಟ್ಟಿರುವ ಸಣ್ಣ ಜಾಗ ಇರುತ್ತದೆ. ಎದುರಿನಿಂದ ಗಾಡಿ ಬಂದರೆ ಆ ಜಾಗಕ್ಕೆ ಯಾರು ಹತ್ತಿರವೋ ಅವರು ನಿಂತು ದಾರಿ ಬಿಡಬೇಕು. ಕುರಿಗಳು ರಸ್ತೆ ಮೇಲೇ ಮಲಗಿರುತ್ತವೆ, ಹಾರ್ನ್ ಹೊಡೆದರೂ ನಿಧಾನಕ್ಕೇ ಏಳುವುದು. ಬ್ರಾಡ್‌ಫರ್ಡ್‌ನಿಂದ ಎಲ್ಗೋಲ್‌ಗೆ ಬರೀ 24 ಕಿಲೋಮೀಟರ್ ಅಂತ ನೋಡಿ ಇಪ್ಪತ್ತೇ ನಿಮಿಷ ಇಟ್ಟುಕೊಂಡರೆ ಅಲ್ಲಿಂದ ಹೊರಡುವ ಪ್ರವಾಸಿ ದೋಣಿ ತಪ್ಪುತ್ತದೆ.

ಪೋರ್ಟ್ರೀ ದ್ವೀಪದ ದೊಡ್ಡ ಊರು. ದೊಡ್ಡದು ಅಂದರೂ ಎರಡು ಸಾವಿರ ಚಿಲ್ಲರೆ ಜನ. ಬಂದರಿನ ಪಕ್ಕ ಗುಲಾಬಿ, ಹಳದಿ, ನೀಲಿ ಬಣ್ಣದ ಮನೆಗಳ ಸಾಲು, ಅಂಗಡಿ, ಬಸ್ ನಿಲ್ದಾಣ, ರಾತ್ರಿ ಊಟಕ್ಕೆ ನಡೆದುಕೊಂಡೇ ಹೋಗಬಹುದಾದ ಜಾಗಗಳು, ಎಲ್ಲಾ ಅಲ್ಲೇ. ಓಲ್ಡ್ ಮ್ಯಾನ್ ಆಫ್ ಸ್ಟೋರ್ ಅನ್ನುವ ಕಲ್ಲುಕಂಬ ಅಲ್ಲಿಂದ ಹತ್ತಿರ. ಇನ್ನೂ ಉತ್ತರಕ್ಕೆ ಹೋದರೆ ಸ್ಟಾಫಿನ್, ಅದರ ಬೆನ್ನಿಗೇ ಕ್ವಿರೇಂಗ್ ಅನ್ನುವ ಬೆಟ್ಟದ ಸಾಲು. ಬೆಳಕು ಹರಿಯುವ ಹೊತ್ತಿಗೆ ಕ್ವಿರೇಂಗ್ ಮೇಲೆ ನಿಂತಿರಬೇಕು ಅನ್ನುವ ಆಸೆ ಇದ್ದರೆ ಸ್ಟಾಫಿನ್‌ನಲ್ಲೇ ಉಳಿಯಿರಿ. ನೀಸ್ಟ್ ಪಾಯಿಂಟ್ ಲೈಟ್‌ಹೌಸ್ ಹಿಂದೆ ಸೂರ್ಯ ಮುಳುಗುವುದನ್ನು ನೋಡಬೇಕಾದರೆ ಪಶ್ಚಿಮದ ಡನ್‌ವೆಗನ್, ಗ್ಲೆಂಡೇಲ್ ಕಡೆ. ಬೇಸಿಗೆಯಲ್ಲಿ ಅಲ್ಲಿ ಹತ್ತು ಗಂಟೆ ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಅಷ್ಟು ಹೊತ್ತಿನಲ್ಲಿ ಆ ದಾರಿಯಲ್ಲಿ ಪೋರ್ಟ್ರೀವರೆಗೆ ವಾಪಸ್ ಬರುವುದು ಸುಸ್ತಿನ ಕೆಲಸ. ದಕ್ಷಿಣದಲ್ಲಿ ಬ್ರಾಡ್‌ಫರ್ಡ್ ಸೇತುವೆಗೆ ಹತ್ತಿರ, ಎಲ್ಗೋಲ್‌ಗೂ ಹತ್ತಿರ. ಸ್ಲೇಟ್ ಅನ್ನುವ ತುದಿ ಹಸಿರು ಜಾಸ್ತಿ, ಜನ ಕಮ್ಮಿ. ಆರ್ಮಡೇಲ್ ಫೆರಿ ಅಲ್ಲಿಂದಲೇ ಹೊರಡುವುದು.

ದಿನಕ್ಕೊಂದು ಊರು ಬದಲಿಸಬೇಡಿ. ನಾಲ್ಕೈದು ರಾತ್ರಿ ಇದ್ದರೆ ಎರಡು ಕಡೆ, ಅದಕ್ಕಿಂತ ಜಾಸ್ತಿ ಬೇಡ. ಪ್ರತಿದಿನ ಹತ್ತು ಗಂಟೆಗೆ ರೂಮು ಬಿಟ್ಟು ಸಂಜೆ ನಾಲ್ಕರವರೆಗೆ ಸೂಟ್‌ಕೇಸ್ ಸಮೇತ ಮಳೆಯಲ್ಲಿ ಸುತ್ತುವುದು ರಜೆಯಲ್ಲ.

ಮನೆಯವರ ಬಿ ಆಂಡ್ ಬಿ

ಹೆಸರೇ ಹೇಳುವ ಹಾಗೆ ಒಂದು ಹಾಸಿಗೆ, ಒಂದು ಬೆಳಗಿನ ತಿಂಡಿ. ಮನೆಯ ಒಂದು ಭಾಗದಲ್ಲಿ ಮನೆಯವರು ಇರುತ್ತಾರೆ, ಎರಡೋ ಮೂರೋ ರೂಮು ಅತಿಥಿಗಳಿಗೆ. ಸ್ಕೈಯಲ್ಲಿ ಇಂಥ ಎಷ್ಟೋ ಮನೆಗಳು 'ಕ್ರಾಫ್ಟ್' ಮೇಲೆ ಇವೆ. ಕ್ರಾಫ್ಟ್ ಅಂದರೆ ಗೇಣಿಗೆ ಹಿಡಿದ ಸಣ್ಣ ಹಿಡುವಳಿ: ಸ್ವಲ್ಪ ಹುಲ್ಲುಗಾವಲು, ಕುರಿ, ಮನೆ. ಇದರ ಹಿಂದೆ ಒಂದು ಹೋರಾಟದ ಕತೆ ಇದೆ. ಜಮೀನ್ದಾರರು ರೈತರನ್ನು ಮನಸ್ಸಿಗೆ ಬಂದ ಹಾಗೆ ಒಕ್ಕಲೆಬ್ಬಿಸುತ್ತಿದ್ದ ಕಾಲದಲ್ಲಿ, 1882ರಲ್ಲಿ, ಪೋರ್ಟ್ರೀ ಹತ್ತಿರದ ಬ್ರೇಸ್ ಅನ್ನುವ ಹಳ್ಳಿಯ ಗಂಡಸರು ಹೆಂಗಸರು ಸೇರಿ ಪೊಲೀಸರಿಗೆ ಎದುರು ನಿಂತರು. ಅಂಥ ಜಗಳಗಳ ಫಲವಾಗಿ 1886ರಲ್ಲಿ ಕಾನೂನು ಬಂತು, ಗೇಣಿದಾರರನ್ನು ಸುಮ್ನೆ ಓಡಿಸುವ ಹಾಗಿಲ್ಲ ಅಂತಾಯಿತು. ಇವತ್ತು ಆ ಜಮೀನಿನ ಆದಾಯ ಒಂದರಿಂದಲೇ ಮನೆ ನಡೆಯುವುದು ಕಷ್ಟ. ಹಾಗಾಗಿ ಒಂದೆರಡು ರೂಮು ಬಾಡಿಗೆಗೆ. ನೀವು ಕೊಡುವ ಪೌಂಡು ನೇರವಾಗಿ ಆ ಮನೆಗೆ ಹೋಗುತ್ತದೆ ಅನ್ನುವುದು ನನಗೆ ದೊಡ್ಡ ವಿಷಯ.

ಬಿ ಆಂಡ್ ಬಿಯ ನಿಜವಾದ ಲಾಭ ಹಾಸಿಗೆಯೂ ಅಲ್ಲ, ತಿಂಡಿಯೂ ಅಲ್ಲ. ಮನೆಯವರ ತಿಳಿವಳಿಕೆ. ಇದು ಗೊತ್ತಾಗಿದ್ದು ನನ್ನ ಮೊದಲ ಪ್ರವಾಸದ ಎರಡನೇ ಬೆಳಿಗ್ಗೆ. ಫೇರಿ ಪೂಲ್ಸ್ ಅನ್ನುವ ತಿಳಿನೀರಿನ ಹೊಂಡಗಳಿಗೆ ಹೋಗುತ್ತೇವೆ ಅಂದೆವು. ಆ ಮನೆಯಾಕೆ ಟೀ ಪಾಟ್ ಕೈಯಲ್ಲಿ ಹಿಡಿದುಕೊಂಡೇ ಕಿಟಕಿ ಹತ್ತಿರ ಹೋಗಿ ಎರಡು ಕ್ಷಣ ದಕ್ಷಿಣಕ್ಕೆ ನೋಡಿದರು. "ಇವತ್ತು ಬೇಡ, ಕೂಲಿನ್ ಮೇಲೆ ಮೋಡ ಕೂತಿದೆ, ಸಂಜೆವರೆಗೆ ಏಳಲ್ಲ. ಉತ್ತರಕ್ಕೆ ಹೋಗಿ" ಅಂದರು. ಕೂಲಿನ್ ಬೆಟ್ಟಗಳು ಸಾವಿರ ಮೀಟರಿಗೆ ಸ್ವಲ್ಪ ಕಮ್ಮಿ ಎತ್ತರ, ಸ್ಗೂರ್ ಅಲಸ್ಡೇರ್ ಶಿಖರ 992 ಮೀಟರ್. ಅಟ್ಲಾಂಟಿಕ್ ಕಡೆಯಿಂದ ಬರುವ ಒದ್ದೆ ಗಾಳಿ ಮೊದಲು ಅಲ್ಲೇ ಬಡಿದು ಮಳೆ ಸುರಿಸುತ್ತದೆ. ಅದರ ಬುಡದಲ್ಲಿರುವ ಫೇರಿ ಪೂಲ್ಸ್‌ನಲ್ಲಿ ಧೋ ಅಂತ ಮಳೆ ಬರುವಾಗ ಉತ್ತರದ ಟ್ರಾಟರ್ನಿಶ್‌ನಲ್ಲಿ ಬಿಸಿಲು ಇರಬಹುದು. ನಾವು ಕ್ವಿರೇಂಗ್‌ಗೆ ಹೋದೆವು. ಇಡೀ ದಿನ ಒಂದು ಹನಿ ಬೀಳಲಿಲ್ಲ. ದಕ್ಷಿಣಕ್ಕೆ ತಿರುಗಿ ನೋಡಿದರೆ ಬೆಟ್ಟಗಳೇ ಕಾಣದ ಹಾಗೆ ಕಪ್ಪು. ನಮ್ಮ ಫೋನು ಆ ದಿನ ಇಡೀ ದ್ವೀಪಕ್ಕೆ ಒಂದೇ ಮಳೆಯ ಚಿತ್ರ ತೋರಿಸುತ್ತಿತ್ತು.

ಇನ್ನು ತಿಂಡಿ. ಹಲವು ಮನೆಗಳಲ್ಲಿ ಹಿಂದಿನ ರಾತ್ರಿಯೇ ರೂಮಿನಲ್ಲಿ ಒಂದು ಚೀಟಿ ಇಟ್ಟಿರುತ್ತಾರೆ, ಏನು ಬೇಕೋ ಅದಕ್ಕೆ ಗುರುತು ಹಾಕಿ ಮೆಟ್ಟಿಲ ಹತ್ತಿರದ ಮೇಜಿನ ಮೇಲೆ ಇಟ್ಟರೆ ಆಯಿತು. ಬೆಳಿಗ್ಗೆ ಕೆಳಗೆ ಇಳಿದರೆ ಟೋಸ್ಟ್ ತ್ರಿಕೋನವಾಗಿ ಕತ್ತರಿಸಿ ಸಣ್ಣ ಲೋಹದ ಸ್ಟ್ಯಾಂಡಿನಲ್ಲಿ ನಿಲ್ಲಿಸಿರುತ್ತಾರೆ, ಪಕ್ಕದಲ್ಲಿ ಕಿತ್ತಳೆ ಮಾರ್ಮಲೇಡ್, ಓಟ್‌ಕೇಕ್. ಓಟ್ಸ್ ಗಂಜಿ ಕೇಳಿದರೆ ಬಿಸಿ ಬಿಸಿ ಬರುತ್ತದೆ. ಅಲ್ಲಿನ ಚಳಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆಮೇಲೆ 'ಫುಲ್ ಸ್ಕಾಟಿಷ್' ಅನ್ನುವ ದೊಡ್ಡ ತಟ್ಟೆ: ಮೊಟ್ಟೆ, ಬೇಕನ್, ಸಾಸೇಜ್, ಬೇಯಿಸಿದ ಬೀನ್ಸ್, ಟೊಮೆಟೊ, ಅಣಬೆ, ಬ್ಲ್ಯಾಕ್ ಪುಡ್ಡಿಂಗ್, ಕೆಲವೊಮ್ಮೆ ಹ್ಯಾಗಿಸ್, ಜೊತೆಗೆ ಟ್ಯಾಟಿ ಸ್ಕೋನ್.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಗಮನ ಕೊಡಿ. ಪುಡ್ಡಿಂಗ್ ಅನ್ನುವ ಹೆಸರು ಕೇಳಿ ಸಿಹಿ ಅಂದುಕೊಳ್ಳಬೇಡಿ. ಬ್ಲ್ಯಾಕ್ ಪುಡ್ಡಿಂಗ್ ಮಾಡುವುದು ಪ್ರಾಣಿಯ ರಕ್ತ, ಕೊಬ್ಬು, ಓಟ್ಸ್ ಸೇರಿಸಿ. ಹ್ಯಾಗಿಸ್ ಕುರಿಯ ಹೃದಯ, ಪಿತ್ತಜನಕಾಂಗ (ಲಿವರ್), ಶ್ವಾಸಕೋಶದ್ದು. ಟ್ಯಾಟಿ ಸ್ಕೋನ್ ಆಲೂಗಡ್ಡೆ, ಮೈದಾ, ಬೆಣ್ಣೆಯದ್ದು, ಆದರೆ ಬೇಕನ್ ಹುರಿದ ಬಾಣಲೆಯಲ್ಲೇ ಬಿಸಿ ಮಾಡಿರಬಹುದು. ಬುಕ್ ಮಾಡುವಾಗಲೇ ಬರೆದುಬಿಡಿ: ಮಾಂಸ ತಿನ್ನುವುದಿಲ್ಲ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ, ಬೇರೆ ಬಾಣಲೆಯಲ್ಲಿ ಮಾಡಿಕೊಡಲು ಸಾಧ್ಯವಾ ಅಂತ. ಮನೆಯವರು ಮಾಡುವ ಅಡುಗೆಯಾದ್ದರಿಂದ ಇದು ಹೋಟೆಲಿಗಿಂತ ಇಲ್ಲೇ ಸುಲಭ. ತರಕಾರಿ, ಬೇಳೆ, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಅಂಗಡಿಯಲ್ಲೇ ಸಿಗುತ್ತದೆ, ಮೊದಲೇ ಹೇಳಿದರೆ ತಂದಿಟ್ಟಿರುತ್ತಾರೆ. ಮೆಣಸಿನ ಖಾರ ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಕೂತಾಗ ಹೇಳಿದರೆ ಮಾತ್ರ ಪಾಪ ಅವರೇನು ಮಾಡುತ್ತಾರೆ.

ಈಗ ಗಡಿಯಾರದ ಮಾತು. ಬಿ ಆಂಡ್ ಬಿಗೆ ರಿಸೆಪ್ಷನ್ ಇಲ್ಲ. ಸಾಮಾನ್ಯವಾಗಿ ಸಂಜೆ ನಾಲ್ಕರಿಂದ ಆರೇಳರೊಳಗೆ ಬನ್ನಿ ಅನ್ನುತ್ತಾರೆ, ತಿಂಡಿಗೆ ಎಂಟರಿಂದ ಒಂಬತ್ತರ ಒಳಗೆ ಒಂದು ಹೊತ್ತು, ಹೊರಡುವ ದಿನ ಹತ್ತರೊಳಗೆ ರೂಮು ಖಾಲಿ. ಒಂದು ಸಲ ನಾವು ಗ್ಲಾಸ್ಗೋದಿಂದ ಬರುತ್ತಾ ದಾರಿಯಲ್ಲಿ ಅಲ್ಲಿ ಇಲ್ಲಿ ನಿಂತು, ಗ್ಲೆನ್‌ಕೋದಲ್ಲಿ ಫೋಟೋ ತೆಗೆದು, ರಾತ್ರಿ ಒಂಬತ್ತೂವರೆಗೆ ಮನೆ ಮುಟ್ಟಿದೆವು. ಫೋನ್ ಮಾಡೋಣ ಅಂದರೆ ಕೊನೆಯ ಅರ್ಧ ಗಂಟೆ ಸಿಗ್ನಲ್ ಇರಲಿಲ್ಲ. ಆ ಮನೆಯ ಯಜಮಾನರು ಬಾಗಿಲ ದೀಪ ಹಾಕಿಕೊಂಡು ಕಾಯುತ್ತಿದ್ದರು. ಒಂದು ಮಾತೂ ಬೈಯಲಿಲ್ಲ, ಬ್ಯಾಗು ಎತ್ತಿಕೊಂಡು ಮೇಲೆ ನಡೆದರು. ಅವರು ಬೆಳಿಗ್ಗೆ ಐದಕ್ಕೆ ಎದ್ದು ಕುರಿ ನೋಡಿ ಬಂದು ನಮಗೆ ತಿಂಡಿ ಮಾಡಬೇಕಿತ್ತು ಅಂತ ಮಾರನೇ ದಿನ ಗೊತ್ತಾಯಿತು. ಅವತ್ತಿನಿಂದ ನಾನು ಬರುವ ಹೊತ್ತನ್ನು ಒಂದು ಗಂಟೆ ತಡವಾಗಿಯೇ ಹೇಳುತ್ತೇನೆ, ಹೇಳಿದ ಹೊತ್ತಿಗಿಂತ ಮುಂಚೆ ಸೇರುತ್ತೇನೆ. ಭಾನುವಾರ ಚರ್ಚಿಗೆ ಹೋಗುವ ಮನೆಗಳೂ ಇವೆ. ಭಾನುವಾರದ ವಿಶ್ರಾಂತಿಯನ್ನು ಈ ದ್ವೀಪ ಎಷ್ಟು ಗಂಭೀರವಾಗಿ ತೆಗೆದುಕೊಂಡಿತ್ತು ಅಂದರೆ, 1965ರಲ್ಲಿ ಭಾನುವಾರ ಫೆರಿ ಶುರುವಾದಾಗ ಜನ ಕೈಲಾಕಿನ್‌ನಲ್ಲಿ ನಿಂತು ವಿರೋಧಿಸಿದ್ದರು. ಈಗ ಕಾಲ ಬದಲಾಗಿದೆ, ಆದರೂ ಭಾನುವಾರ ಬರುವುದಾದರೆ ಎಷ್ಟು ಹೊತ್ತಿಗೆ ಬಂದರೆ ಅನುಕೂಲ ಅಂತ ಕೇಳುವುದು ಒಳ್ಳೆಯದು.

ಬಿ ಆಂಡ್ ಬಿ ಯಾರಿಗೆ ಹೊಂದುವುದಿಲ್ಲ? ಸಣ್ಣ ಮಕ್ಕಳಿರುವವರಿಗೆ ಕಷ್ಟ. ಎಷ್ಟೋ ಮನೆಗಳು ಇಂತಿಷ್ಟು ವಯಸ್ಸಿಗಿಂತ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೂ ಮರದ ನೆಲ, ತೆಳು ಗೋಡೆ, ರಾತ್ರಿ ಮಗು ಅತ್ತರೆ ಮನೆಗೆಲ್ಲ ಕೇಳುತ್ತದೆ. ಮೊಣಕಾಲು ನೋವಿರುವವರು ರೂಮು ಎಷ್ಟನೇ ಮಹಡಿಯಲ್ಲಿ ಅಂತ ಕೇಳಲೇಬೇಕು, ಮೆಟ್ಟಿಲು ಕಡಿದಾಗಿರುತ್ತವೆ, ಲಿಫ್ಟ್ ಇರುವುದಿಲ್ಲ. ಒಬ್ಬರೇ ಹೋಗುವವರಿಗೆ ದುಬಾರಿ, ಇಬ್ಬರ ರೂಮಿಗೆ ಒಬ್ಬರೇ ಹೆಚ್ಚು ಕಮ್ಮಿ ಪೂರ್ತಿ ಬಾಡಿಗೆ ಕೊಡಬೇಕಾಗುತ್ತದೆ. ಬೇಸಿಗೆಯಲ್ಲಿ ಕನಿಷ್ಠ ಎರಡು ರಾತ್ರಿ ಅನ್ನುವ ನಿಯಮವೂ ಸಾಮಾನ್ಯ. ಬಾತ್‌ರೂಮ್ ವಿಷಯ ಸರಿಯಾಗಿ ಓದಿ. 'ಎನ್‌ಸೂಟ್' ಅಂದರೆ ರೂಮಿನೊಳಗೇ. 'ಪ್ರೈವೇಟ್' ಅಂದರೆ ನಿಮಗೆ ಮಾತ್ರ, ಆದರೆ ರೂಮಿನಿಂದ ಹೊರಗೆ. 'ಶೇರ್ಡ್' ಅಂದರೆ ಬೇರೆ ಅತಿಥಿಗಳ ಜೊತೆ.

ಮೋಸ ಹೋಗದಿರಲು ಒಂದು ಸುಲಭ ಪರೀಕ್ಷೆ ಇದೆ. ಸ್ಕಾಟ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ಅಲ್ಪಾವಧಿಗೆ ಬಾಡಿಗೆ ಕೊಡುವ ಮನೆಗಳಿಗೆ ಲೈಸೆನ್ಸ್ ನಿಯಮ ಬಂದಿದೆ, ಮೊದಲಿಂದ ನಡೆಸುತ್ತಿದ್ದವರೂ 2023ರ ಅಕ್ಟೋಬರ್ 1ರೊಳಗೆ ಅರ್ಜಿ ಹಾಕಬೇಕಿತ್ತು. ಬಿ ಆಂಡ್ ಬಿಯೂ ಇದರಲ್ಲಿ ಸೇರುತ್ತದೆ, ಬಾಡಿಗೆ ಮನೆಯೂ ಸೇರುತ್ತದೆ. ಸ್ಕೈಗೆ ಲೈಸೆನ್ಸ್ ಕೊಡುವುದು ಹೈಲ್ಯಾಂಡ್ ಕೌನ್ಸಿಲ್. ಜಾಹೀರಾತಿನಲ್ಲಿ ಲೈಸೆನ್ಸ್ ನಂಬರ್ ಹಾಕಬೇಕು ಅನ್ನುವುದೂ ನಿಯಮ. ನಂಬರ್ ಕಾಣದಿದ್ದರೆ ಕೇಳಿ.

ಹೋಟೆಲ್

ಹೋಟೆಲಿನ ಬಗ್ಗೆ ಹೇಳುವುದು ಕಮ್ಮಿ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿರುವಂಥದ್ದೇ. ತಡರಾತ್ರಿ ಬಂದರೂ ಯಾರೋ ಬಾಗಿಲು ತೆಗೆಯುತ್ತಾರೆ, ಒಂದೇ ರಾತ್ರಿಗೂ ರೂಮು ಕೊಡುತ್ತಾರೆ, ರಾತ್ರಿ ಊಟ ಕೆಳಗೇ ಸಿಗುತ್ತದೆ. ಈ ಕೊನೆಯದು ಸ್ಕೈಯಲ್ಲಿ ಸಣ್ಣ ಅನುಕೂಲ ಅಲ್ಲ. ಬಿ ಆಂಡ್ ಬಿಯವರು ಸಾಮಾನ್ಯವಾಗಿ ರಾತ್ರಿ ಊಟ ಕೊಡುವುದಿಲ್ಲ. ಹಳ್ಳಿ ಕಡೆ ಊಟದ ಜಾಗಗಳು ಬೆರಳೆಣಿಕೆಯಷ್ಟು, ಅಡುಗೆಮನೆ ಎಂಟೂವರೆ ಹೊತ್ತಿಗೆಲ್ಲ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಟೇಬಲ್ ಮೊದಲೇ ಹೇಳಿಡದಿದ್ದರೆ ಜಾಗ ಸಿಗುವುದು ಅನುಮಾನ. ಹೊರಗೆ ಇನ್ನೂ ಹಗಲಿನ ಬೆಳಕು ಇರುವಾಗ ಊಟದ ಹೊತ್ತು ಮುಗಿದೇ ಹೋಗಿರುತ್ತದೆ, ಜೂನ್‌ನಲ್ಲಿ ಈ ಮೋಸ ಎಲ್ಲರಿಗೂ ಆಗುತ್ತದೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಪೋರ್ಟ್ರೀ ಅಥವಾ ಬ್ರಾಡ್‌ಫರ್ಡ್‌ನ ಹೋಟೆಲ್ ಒಳ್ಳೆಯದು, ನೆಲಮಹಡಿಯ ರೂಮು ಕೇಳಿ. ಕೂಲಿನ್ ಬುಡದಲ್ಲಿ, ಸ್ಲಿಗಾಹನ್‌ನ ಹಳೆಯ ಕಲ್ಲು ಸೇತುವೆ ಪಕ್ಕದಲ್ಲೂ ಒಂದು ಹಳೆಯ ಹೋಟೆಲ್ ಇದೆ, ಬೆಟ್ಟ ಹತ್ತುವವರು ತಲೆಮಾರುಗಳಿಂದ ಅಲ್ಲಿ ಉಳಿಯುತ್ತಾ ಬಂದಿದ್ದಾರೆ. ಆದರೆ ದುಡ್ಡಿನ ಲೆಕ್ಕದಲ್ಲಿ ಹೋಟೆಲ್ ಸಾಮಾನ್ಯವಾಗಿ ಬಿ ಆಂಡ್ ಬಿಗಿಂತ ಮೇಲೆ. ಬಿ ಆಂಡ್ ಬಿಯೂ ಅಗ್ಗ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಇಬ್ಬರಿಗೆ ರಾತ್ರಿಗೆ 100 ಪೌಂಡ್ ದಾಟುವುದು ಸಾಮಾನ್ಯ. ತಿಂಡಿ ಅದರಲ್ಲೇ ಸೇರಿರುತ್ತದೆ, ಹೋಟೆಲಿನಲ್ಲಿ ಸೇರಿದೆಯಾ ಅಂತ ನೋಡಿ ಹೋಲಿಸಿ.

ಬಾಡಿಗೆ ಮನೆ

ಇದನ್ನು ಅಲ್ಲಿ 'ಸೆಲ್ಫ್ ಕೇಟರಿಂಗ್' ಅನ್ನುತ್ತಾರೆ. ಇಡೀ ಕಾಟೇಜ್ ನಿಮ್ಮದು, ಅಡುಗೆಮನೆ, ಬಟ್ಟೆ ಒಗೆಯುವ ಮಷಿನ್, ಕೆಲವು ಕಡೆ ಬೆಂಕಿ ಒಲೆ. ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ, ಸಣ್ಣ ಮಕ್ಕಳಿದ್ದರೆ, ದಿನಾ ಒಂದು ಹೊತ್ತಾದರೂ ಅನ್ನ ಸಾರು ಬೇಕು ಅನ್ನುವವರಿದ್ದರೆ ಬೇರೆ ಯೋಚನೆಯೇ ಬೇಡ. ಸ್ಕೈಯಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ಮಕ್ಕಳನ್ನು ಕಟ್ಟಿಕೊಂಡು ಮಧ್ಯಾಹ್ನವೇ ವಾಪಸ್ ಬಂದು ಒಳಗೆ ಕೂರಲು ಒಂದು ಹಾಲ್ ಇರುವುದು ಎಷ್ಟು ನೆಮ್ಮದಿ ಅಂತ ಹೋದವರಿಗೇ ಗೊತ್ತು. ಬಿ ಆಂಡ್ ಬಿಯಲ್ಲಿ ಹಗಲು ಹೊತ್ತು ರೂಮಿನಲ್ಲೇ ಕೂತಿರುವುದು ಒಂಥರಾ ಸಂಕೋಚ ಅಲ್ವಾ.

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಹೆಚ್ಚಿನ ಕಾಟೇಜ್‌ಗಳನ್ನು ಕೊಡುವುದು ವಾರದ ಲೆಕ್ಕದಲ್ಲಿ, ಶನಿವಾರದಿಂದ ಶನಿವಾರಕ್ಕೆ. ಮೂರು ರಾತ್ರಿಗೆ ಕೇಳಿದರೆ ಸಿಗುವುದು ಕಷ್ಟ. ಸಾಮಾನು ತರಲು ಪೋರ್ಟ್ರೀ ಇಲ್ಲಾ ಬ್ರಾಡ್‌ಫರ್ಡ್‌ಗೇ ಬರಬೇಕು, ಮಿಕ್ಕ ಕಡೆ ಸಣ್ಣ ಅಂಗಡಿಗಳು ಅಷ್ಟೇ. ಅಕ್ಕಿ, ಬೇಳೆ, ಮಸಾಲೆ ಪುಡಿಗಳನ್ನು ಗ್ಲಾಸ್ಗೋ ಅಥವಾ ಇನ್ವರ್ನೆಸ್‌ನಲ್ಲೇ ಕೊಂಡು ಹೋಗಿ. ಪೆಟ್ರೋಲನ್ನೂ ಪಶ್ಚಿಮದ ಕಡೆ ಹೋಗುವ ಮುಂಚೆ ತುಂಬಿಸಿಕೊಳ್ಳಿ. ಇನ್ನೊಂದು, ನನಗೆ ಮನಸ್ಸಿಗೆ ಹತ್ತಿರವಾದ ವಿಷಯ: ಇಲ್ಲಿನ ಎಷ್ಟೋ ಮನೆಗಳು ಪೂರ್ತಿ ಪ್ರವಾಸಿಗರ ಬಾಡಿಗೆಗೇ ಹೋಗಿಬಿಟ್ಟು, ದ್ವೀಪದಲ್ಲೇ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ವಾಸಕ್ಕೆ ಮನೆ ಸಿಗುವುದು ಕಷ್ಟವಾಗಿದೆ. ಹಾಗಾಗಿ ಬಾಡಿಗೆ ಮನೆ ಹಿಡಿಯುವಾಗ, ಮಾಲೀಕರು ಪಕ್ಕದಲ್ಲೇ ಅದೇ ಕ್ರಾಫ್ಟ್‌ನಲ್ಲಿ ವಾಸವಾಗಿದ್ದು ಹೊಲದ ಇನ್ನೊಂದು ಮೂಲೆಯಲ್ಲಿ ಕಟ್ಟಿದ ಸಣ್ಣ ಮನೆಯನ್ನು ನಾನು ಹುಡುಕುತ್ತೇನೆ. ಅಂಥವು ಬೇಕಾದಷ್ಟಿವೆ. ಅಲ್ಲಿ ಮೋಡ ಎಲ್ಲಿ ಕೂತಿದೆ ಅಂತ ಕೇಳಲು ಬೇಲಿ ಹತ್ತಿರ ಹೋದರೆ ಸಾಕು.

ಹಾಸ್ಟೆಲ್, ಟೆಂಟ್

ಒಬ್ಬರೇ ಹೋಗುವವರಿಗೆ, ಬೆಟ್ಟ ಹತ್ತುವುದೇ ಮುಖ್ಯ ಅನ್ನುವವರಿಗೆ ಹಾಸ್ಟೆಲ್. ಪೋರ್ಟ್ರೀ, ಬ್ರಾಡ್‌ಫರ್ಡ್, ಗ್ಲೆನ್‌ಬ್ರಿಟಲ್, ಈ ಮೂರು ಕಡೆಯೂ ಹಾಸ್ಟೆಲ್ ಉಂಟು. ಕೂಲಿನ್ ಹತ್ತುವವರಿಗೆ ಗ್ಲೆನ್‌ಬ್ರಿಟಲ್. ಅಡುಗೆಮನೆ ಎಲ್ಲರಿಗೂ ಸೇರಿದ್ದು, ಒದ್ದೆ ಬೂಟು ಬಟ್ಟೆ ಒಣಗಿಸಲು ಬೆಚ್ಚಗಿನ ಕೋಣೆ ಇರುತ್ತದೆ. ಸ್ಕೈಯಲ್ಲಿ ಆ ಕೋಣೆಯ ಬೆಲೆ ಎರಡನೇ ದಿನ ಗೊತ್ತಾಗುತ್ತದೆ. ಊಟದ ಮೇಜಿನಲ್ಲಿ ಪಕ್ಕದವರು ಇವತ್ತು ಯಾವ ದಾರಿ ಹತ್ತಿದರು, ಹಳ್ಳ ಎಷ್ಟು ತುಂಬಿದೆ ಅಂತ ಹೇಳುತ್ತಾರೆ. ಇದು ಬಿ ಆಂಡ್ ಬಿಯ ಮನೆಯಾಕೆ ಹೇಳುವ ಮಾತಿಗೆ ಸಮ ಅಲ್ಲದಿದ್ದರೂ ಹತ್ತಿರ ಬರುತ್ತದೆ.

ಟೆಂಟ್ ಹಾಕುವವರಿಗೆ ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾನೂನು ಒಳ್ಳೆಯ ಹಕ್ಕು ಕೊಟ್ಟಿದೆ. ಜವಾಬ್ದಾರಿಯಿಂದ ನಡೆದುಕೊಂಡರೆ ಬಯಲು ಜಾಗದಲ್ಲಿ ಟೆಂಟ್ ಹಾಕಬಹುದು. ಕಾರು, ಕ್ಯಾಂಪರ್‌ವ್ಯಾನ್‌ನಲ್ಲಿ ಮಲಗುವುದಕ್ಕೆ ಆ ಹಕ್ಕು ಅನ್ವಯಿಸುವುದಿಲ್ಲ, ಪಾಸಿಂಗ್ ಪ್ಲೇಸ್‌ನಲ್ಲಿ ಗಾಡಿ ನಿಲ್ಲಿಸಿ ಮಲಗುವುದಂತೂ ಬೇಡವೇ ಬೇಡ, ಆಂಬುಲೆನ್ಸ್ ಹೋಗುವ ದಾರಿಯೂ ಅದೇ. ಟೆಂಟಿನವರಿಗೆ ದೊಡ್ಡ ಕಾಟ ಮಿಡ್ಜ್ ಅನ್ನುವ ಸಣ್ಣ ನೊಣ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗಾಳಿ ನಿಂತ ಒದ್ದೆ ಸಂಜೆಗಳಲ್ಲಿ ಮೋಡದ ಹಾಗೆ ಬಂದು ಮುತ್ತುತ್ತವೆ. ಗಾಳಿ ಬೀಸುತ್ತಿದ್ದರೆ ಹತ್ತಿರ ಸುಳಿಯುವುದಿಲ್ಲ. ತಲೆಗೆ ಹಾಕುವ ಬಲೆ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ.

ಕಾರು ಇಲ್ಲದಿದ್ದರೆ

ಕಾರು ಇಲ್ಲದೆ ಹೋಗುವವರು ಪೋರ್ಟ್ರೀ ಬಿಟ್ಟು ಬೇರೆ ಕಡೆ ರೂಮು ಮಾಡಬೇಡಿ. ಗ್ಲಾಸ್ಗೋದಿಂದ ನೇರ ಬಸ್ ಇದೆ, ಆರು ಗಂಟೆಗಿಂತ ಜಾಸ್ತಿ ಪ್ರಯಾಣ. ಇನ್ವರ್ನೆಸ್‌ನಿಂದ ರೈಲಿನಲ್ಲಿ ಕೈಲ್ ಆಫ್ ಲೊಕಾಲ್ಶ್‌ಗೆ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಬಸ್ ಹತ್ತಿ ಸೇತುವೆ ದಾಟಬಹುದು. ದ್ವೀಪದೊಳಗಿನ ಬಸ್ಸುಗಳು ಕಮ್ಮಿ, ಭಾನುವಾರ ಇನ್ನೂ ಕಮ್ಮಿ. ಕಡಿಮೆ ಬಾಡಿಗೆ ಅಂತ ಊರಿಂದ ಎಂಟು ಕಿಲೋಮೀಟರ್ ದೂರದ ಚಂದದ ಬಿ ಆಂಡ್ ಬಿ ಹಿಡಿದರೆ, ಉಳಿಸಿದ ದುಡ್ಡು ಟ್ಯಾಕ್ಸಿಗೇ ಹೋಗುತ್ತದೆ.

ಕಾರಿನವರಿಗೆ ಮೂರು ದಾರಿ. 1995ರಲ್ಲಿ ತೆರೆದ ಸೇತುವೆ, ಅದರ ಟೋಲ್ 2004ರ ಡಿಸೆಂಬರ್‌ನಲ್ಲೇ ರದ್ದಾಯಿತು. ಮಾಲೇಗ್‌ನಿಂದ ಆರ್ಮಡೇಲ್‌ಗೆ ಕಾರು ಹೊರುವ ಫೆರಿ, ಮುಕ್ಕಾಲು ಗಂಟೆ ಹತ್ತಿರ, ಮೊದಲೇ ಬುಕ್ ಮಾಡಿ. ಮೂರನೆಯದು ಗ್ಲೆನೆಲ್ಗ್‌ನಿಂದ ಕೈಲ್‌ರೇಗೆ ಹೋಗುವ ಪುಟ್ಟ ಫೆರಿ, ಈಸ್ಟರ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಕಾರುಗಳು ನಿಂತ ಹಲಗೆಯನ್ನು ಕೆಲಸದವರು ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ, ಆ ಬಗೆಯ ಫೆರಿಗಳಲ್ಲಿ ಈಗ ಓಡುತ್ತಿರುವುದು ಇದೊಂದೇ. ನಿಮ್ಮ ಬಿ ಆಂಡ್ ಬಿ ದಕ್ಷಿಣದಲ್ಲಿದ್ದರೆ ಒಂದು ಕಡೆಯಾದರೂ ಹೀಗೆ ಹೋಗಿ.

ಯಾವ ತಿಂಗಳು, ಯಾವಾಗ ಬುಕ್ ಮಾಡುವುದು

ಬೇಸಿಗೆಗೆ ಹೋಗುವುದಾದರೆ ಆರು ತಿಂಗಳು ಮುಂಚೆ ಹುಡುಕಾಟ ಶುರು ಮಾಡಿ. ನನ್ನನ್ನು ಕೇಳಿದರೆ ಮೇ ತಿಂಗಳು ಎಲ್ಲಕ್ಕಿಂತ ಒಳ್ಳೆಯದು. ಹಗಲು ಉದ್ದ, ಮಿಡ್ಜ್ ಇನ್ನೂ ಪೂರ್ತಿ ಎದ್ದಿರುವುದಿಲ್ಲ, ಜನ ಸ್ವಲ್ಪ ಕಮ್ಮಿ, ಕ್ರಾಫ್ಟ್‌ಗಳಲ್ಲಿ ಕುರಿಮರಿಗಳು ಓಡಾಡುತ್ತಿರುತ್ತವೆ. ಜೂನ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಹುಟ್ಟುತ್ತಾನೆ, ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಬ್ಯಾಗಿನಲ್ಲಿರಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಎಷ್ಟೋ ಬಿ ಆಂಡ್ ಬಿಗಳು ಬಾಗಿಲು ಹಾಕಿರುತ್ತವೆ. ಡಿಸೆಂಬರ್‌ನಲ್ಲಿ ಹಗಲು ಸಿಗುವುದೇ ಆರೂವರೆ ಗಂಟೆ. ಆಗ ಹೋಗುವುದಾದರೆ ಬೆಂಕಿ ಒಲೆ ಇರುವ ಬಾಡಿಗೆ ಮನೆಯೇ ಸರಿ, ವಾರದ ನಿಯಮವೂ ಆಗ ಸಡಿಲ ಇರುತ್ತದೆ.

ಎರಡು ಮೂರು ಮನೆ ಇಷ್ಟವಾಗಿ ಯಾವುದು ಅಂತ ತೋಚದಿದ್ದರೆ ನಾನು ಹೀಗೆ ಮಾಡುತ್ತೇನೆ. ದುಡ್ಡು ಕಟ್ಟುವ ಮುಂಚೆ ಎಲ್ಲರಿಗೂ ಒಂದೇ ಪತ್ರ ಬರೆಯುತ್ತೇನೆ. ನಾವು ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಕಡೆಯಿಂದ ಬರುತ್ತೇವೆ. ಒಬ್ಬರು ಮಾಂಸ ತಿನ್ನುವುದಿಲ್ಲ. ರಾತ್ರಿ ಊಟಕ್ಕೆ ಹತ್ತಿರದಲ್ಲಿ ಏನಿದೆ? ಒದ್ದೆ ಬೂಟು ಒಣಗಿಸಲು ಜಾಗ ಇದೆಯಾ? ಮೆಟ್ಟಿಲು ಎಷ್ಟು? ಕೆಲವರು 'ಹೌದು, ಸಿಗುತ್ತದೆ' ಅಂತ ಒಂದು ಸಾಲು ಬರೆಯುತ್ತಾರೆ. ಕೆಲವರು ಯಾವ ತಿರುವಿನಲ್ಲಿ ಕೆಂಪು ಅಂಚೆಪೆಟ್ಟಿಗೆ ಸಿಗುತ್ತದೆ, ಅಲ್ಲಿಂದ ಮುಂದೆ ಫೋನಿನ ನಕ್ಷೆಯನ್ನು ಯಾಕೆ ನಂಬಬಾರದು, ಮಂಗಳವಾರ ಊಟದ ಜಾಗ ಮುಚ್ಚಿರುವುದರಿಂದ ಪೋರ್ಟ್ರೀಯಲ್ಲೇ ತಿಂದು ಬನ್ನಿ, ಬೂಟನ್ನು ಬಾಯ್ಲರ್ ಪಕ್ಕ ಇಡಬಹುದು ಅಂತೆಲ್ಲ ಬರೆಯುತ್ತಾರೆ. ಆ ಎರಡನೆಯವರ ಮನೆಯನ್ನೇ ಹಿಡಿಯಿರಿ, ಅವರ ಕಿಟಕಿಯಿಂದ ಸಮುದ್ರ ಕಾಣದಿದ್ದರೂ.